ಬೂದಿ ದಿಬ್ಬದ ಗಡಿಗೆ

ಆಗೆಲ್ಲ ನಮ್ಮೂರಿನ ಬೇಸಿಗೆಗೆ ಬೂದಿಯ ವಾಸನೆ ಇರುತ್ತಿತ್ತು. ಯಡ್ರಾಮಿ ಕಡೆಯ ಸಣ್ಣ ಊರು ನಮ್ಮದು. ಊರಾಚೆ, ಮುಂದೆ ಹೋಗಿ ಭೀಮೆಯನ್ನು ಸೇರುವ ಹಳ್ಳದ ದಂಡೆಯಲ್ಲಿ, ಮಾಳಿಗೆ ಮನೆಗಿಂತ ಎತ್ತರದ ದಿಬ್ಬವೊಂದಿತ್ತು. ಸುತ್ತ ಕಪ್ಪು ಎರೆಭೂಮಿ, ನಡುವೆ ಅದೊಂದೇ ಬೆಳ್ಳಗೆ. ಮುಟ್ಟಿದರೆ ಜೋಳದ ಹಿಟ್ಟಿನಷ್ಟು ನುಣುಪು. ಯಾವ ಕಾಲದಲ್ಲೋ ಅಲ್ಲಿ ಒಬ್ಬ ರಾಕ್ಷಸನನ್ನು ಸುಟ್ಟರು, ಅದು ಅವನ ಬೂದಿ ಎಂದು ನಮ್ಮ ಆಯಿ, ಅಪ್ಪನ ತಾಯಿ, ಹೇಳುತ್ತಿದ್ದಳು. ನಾವು ಮಕ್ಕಳು ನಂಬಿದ್ದೆವು. ದೊಡ್ಡವರಿಗೆ ರಾಕ್ಷಸನ ಗೊಡವೆ ಬೇಕಿರಲಿಲ್ಲ. ಬೂದಿ ಬಿದ್ದ ಹೊಲದಲ್ಲಿ ಬೆಳೆ ಆಳೆತ್ತರ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ನಾನು ಐದನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ನಮ್ಮ ಶರಣಪ್ಪ ಕಾಕಾ ಆ ದಿಬ್ಬಕ್ಕೆ ಟ್ರ್ಯಾಕ್ಟರ್ ಹಚ್ಚಿದ. ಅಪ್ಪನ ಅಣ್ಣನೇ ಆದರೂ ಎಲ್ಲರಂತೆ ನಾನೂ ಅವನನ್ನು ಕಾಕಾ ಎನ್ನುತ್ತಿದ್ದೆ. ಮನೆಯಲ್ಲಿ ಅವನದೇ ಮಾತು, ಊರಲ್ಲೂ ಹೆಚ್ಚುಕಡಿಮೆ ಅವನದೇ. ಬೆಳಗಿನಿಂದ ಸಂಜೆತನಕ ಅಗೆದು ತುಂಬಿ ಹೊಲಗಳಿಗೆ ಚೆಲ್ಲುತ್ತಿದ್ದರು. ಗಾಳಿ ಎದ್ದರೆ ಒಣಗಲು ಹಾಕಿದ ಬಟ್ಟೆ, ಮುಚ್ಚಿಟ್ಟ ರೊಟ್ಟಿ, ನಮ್ಮ ಹುಬ್ಬು ಎಲ್ಲ ಬೂದಿ.

ದಿಬ್ಬದ ಒಂದು ಅಂಚಿನಲ್ಲಿ ಕಾಶಿಬಾಯಿಯ ಗುಡಿಸಲಿತ್ತು. ಗಂಡ ಹಾವು ಕಚ್ಚಿ ಸತ್ತ ಮೇಲೆ ಆಕೆ ಮಗಳು ರೇಣುಕಾಳನ್ನು ಕಟ್ಟಿಕೊಂಡು ಅಲ್ಲಿಯೇ ಇದ್ದಳು. ನಮ್ಮ ಹೊಲಕ್ಕೆ ಕಳೆ ತೆಗೆಯಲು, ಹತ್ತಿ ಬಿಡಿಸಲು ಬರುತ್ತಿದ್ದಳು. ರೇಣುಕಾ ನನ್ನ ವಾರಿಗೆಯವಳು, ನನ್ನ ಗೆಳತಿ. ಕಾಶಿಬಾಯಿ ಕುಟ್ಟಿದ ಶೇಂಗಾ ಹಿಂಡಿಯ, ಆ ಚಟ್ನಿಪುಡಿಯ, ರುಚಿ ನಮ್ಮ ಮನೆಯ ಹಿಂಡಿಗೆ ಇರಲಿಲ್ಲ. ಬಳ್ಳೊಳ್ಳಿ ಜಾಸ್ತಿ ಹಾಕುತ್ತಿದ್ದಳೋ ಏನೋ. ಕಡಕ್ ರೊಟ್ಟಿಯ ಮೇಲೆ ಅದನ್ನಿಟ್ಟು ಎಣ್ಣೆ ಬಿಟ್ಟು, "ತಿನ್ನು ಮಾದೇವಿ, ನಿಮ್ಮವ್ವಗ ಹೇಳಬ್ಯಾಡ" ಎನ್ನುತ್ತಿದ್ದಳು.

ಗುಡಿಸಲು ತೆಗೆ ಎಂದು ಕಾಕಾ ಆ ಬೇಸಿಗೆಯಲ್ಲಿ ಎರಡು ಸಲ ಹೇಳಿ ಕಳಿಸಿದ್ದ. ಅದರ ಕೆಳಗೂ ಬೂದಿಯಿತ್ತು. ಕಾಶಿಬಾಯಿ ತಾನೇ ನಮ್ಮ ಮನೆಗೆ ಬಂದು ಕಟ್ಟೆಯ ಕೆಳಗೆ ನಿಂತು, "ಎಲ್ಲಿಗೆ ಹೋಗ್ಲಿರಿ ಸಾವ್ಕಾರ್ರ? ನಮ್ಮ ಅತ್ತಿ ಸತ್ತದ್ದೂ ಆ ಗುಡಸಲದಾಗ. ನಾ ಬಿಡಂಗಿಲ್ರಿ" ಎಂದಿದ್ದಳು. ಕಾಕಾನಿಗೆ 'ಬಿಡಂಗಿಲ್ಲ' ಎಂದ ಹೆಂಗಸನ್ನು ನಾನು ಅದೇ ಮೊದಲು ನೋಡಿದ್ದು.

ದಿಬ್ಬದ ಕಡೆ ಹೋಗಕೂಡದೆಂದು ಅಪ್ಪ ನನಗೆ ತಾಕೀತು ಮಾಡಿದ್ದ. ಅಗೆದ ದಂಡೆ ಕುಸಿದು ಒಂದು ಎಮ್ಮೆಕರು ಸತ್ತಿತ್ತು. "ಹೋದ್ರ ಕಾಲ್ ಮುರೀತೇನಿ" ಎಂದಿದ್ದ. ಆದರೂ ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ಹೋಗುತ್ತಿದ್ದೆ. ಅಗೆದ ಗೋಡೆಯಲ್ಲಿ ಪದರ ಪದರವಾಗಿ ಬೂದಿ, ಸುಟ್ಟ ಮಣ್ಣು, ಮತ್ತೆ ಬೂದಿ. ನಡುವೆ ಸಣ್ಣ ಕಲ್ಲಿನ ಮಣಿ ಸಿಗುತ್ತಿದ್ದವು, ಒಮ್ಮೊಮ್ಮೆ ಕನ್ನಡಿಯಂತೆ ನುಣ್ಣಗೆ ತೀಡಿದ ಕಲ್ಲಿನ ಕೊಡಲಿ. ನಾನೂ ರೇಣುಕಾಳೂ ಲಂಗದಲ್ಲಿ ಕಟ್ಟಿಕೊಂಡು ಬರುತ್ತಿದ್ದೆವು.

ಒಂದು ಮಧ್ಯಾಹ್ನ ಗೋಡೆಯ ಬುಡದಲ್ಲಿ ಮಣ್ಣಿನ ಗಡಿಗೆಯ ಹೊಟ್ಟೆ ಕಾಣಿಸಿತು. ಎರಡಾಳು ಬೂದಿಯ ಕೆಳಗೆ, ಬಡಿದು ಗಟ್ಟಿ ಮಾಡಿದ ನೆಲದಂಥ ಪದರದ ಅಡಿಯಲ್ಲಿ ಅದಿತ್ತು. ಕೋಲಿನಿಂದ ಕೆದರಿ ಕೆದರಿ ಹೊರಗೆಳೆದೆವು. ಬೂದುಬಣ್ಣದ ಒರಟು ಗಡಿಗೆ. ಬಾಯಿತನಕ ಮಣ್ಣು. ಒಂದಿಷ್ಟು ಮಣ್ಣು ತೆಗೆದಾಗ ಕಡ್ಡಿಯಂಥ ಸಣ್ಣ ಎಲುಬು ಬಂದವು.

"ಕೋಳಿ ಮರೀದು" ಎಂದಳು ರೇಣುಕಾ.

"ಯಾಂವರೆ ಕೋಳಿ ಮರಿನ್ನ ಗಡಗ್ಯಾಗ ಇಡ್ತಾನೇನಲೇ?" ಎಂದು ನಾನು ನಕ್ಕೆ.

ನಮಗೆ ಅಡುಗೆ ಆಟಕ್ಕೆ ದೊಡ್ಡ ಗಡಿಗೆ ಬೇಕಿತ್ತು. ಮನೆಗೆ ಒಯ್ದರೆ ಅಪ್ಪನಿಗೆ ಗೊತ್ತಾಗುತ್ತದೆ. ಅದಕ್ಕೆ ನಾನೇ ಹೇಳಿದೆ: ನಿಮ್ಮ ಗುಡಿಸಲ ಹಿಂದೆ, ಬೇವಿನ ಗಿಡದ ಕೆಳಗೆ ಹುಗಿಯೋಣ. ಕುತ್ತಿಗೆಮಟ್ಟ ಹುಗಿದು, ಮೇಲೆ ಹಸಿಮಣ್ಣು ಎಳೆದು ಬಂದೆವು.

ಮೂರು ದಿನಕ್ಕೆ ಮಿರಗದ ಮಳೆ, ಮುಂಗಾರಿನ ಮೊದಲ ಮಳೆ, ಬಂತು. ಮರುದಿನ ಮುಂಜಾನೆ ಹೆಂಡೆ, ದನದ ಸಗಣಿ, ಆರಿಸಲು ಹೋದ ಹೆಂಗಸರು ಕಿರುಚಿದ ದನಿ ನಮ್ಮ ಅಂಗಳದತನಕ ಕೇಳಿತು. ನಾಯಿಗಳು ಗಡಿಗೆಯನ್ನು ಕೆದರಿ ಉರುಳಿಸಿದ್ದವು. ಮಳೆ ತೊಳೆದ ಮಣ್ಣಿನ ಮೇಲೆ ಮಗುವಿನ ಬುರುಡೆ ಬಿದ್ದಿತ್ತು. ಬೋಗುಣಿಯಷ್ಟೂ ಇರಲಿಲ್ಲ ಅದು.

ಅಷ್ಟರಲ್ಲಿ ಊರು ತೀರ್ಮಾನ ಮಾಡಿಯಾಗಿತ್ತು. ಕಾಶಿಬಾಯಿ ಆ ಚಳಿಗಾಲದಲ್ಲಿ ಮೂರು ತಿಂಗಳು ಊರಲ್ಲಿರಲಿಲ್ಲ. ಹವಳಗಾದಲ್ಲಿ ತವರು, ತಾಯಿಗೆ ಹುಷಾರಿಲ್ಲ ಎಂದು ಹೋಗಿದ್ದಳು. ಹೋಗುವಾಗ ಮೈ ತುಂಬಿತ್ತೆಂದು ಒಬ್ಬಳು ಹೇಳಿದಳು. ಬಂದಾಗ ಬಡಕಲಾಗಿದ್ದಳೆಂದು ಇನ್ನೊಬ್ಬಳು.

ನಾನು ಅಡುಗೆಮನೆಗೆ ಓಡಿದೆ. "ಅವ್ವಾ, ಅದು ದಿಬ್ಬದಾಗ ಸಿಕ್ಕದ್ದು. ತೆಳಗ, ಭಾಳ ತೆಳಗ ಇತ್ತು. ನಾವs ತಂದು ಅಲ್ಲಿ ಹುಗದೇವಿ." ಅವ್ವ ಹಿಟ್ಟಿನ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು. ಹೊರಗೆ ಕಾಕಾ ರುಮಾಲು ಸುತ್ತಿಕೊಳ್ಳುತ್ತಿದ್ದ.

"ಯಾರಿಗರೆ ಹೇಳಿಯೇನು?"

"ಇಲ್ಲ."

"ಯಾರು ಕೇಳಿದ್ರೂ ಗೊತ್ತಿಲ್ಲಂತ ಅನ್ನು. ತಿಳೀತಿಲ್ಲೋ?"

ಚಾವಡಿಯ ಮುಂದೆ ಊರೇ ಸೇರಿತ್ತು. ಕಾಶಿಬಾಯಿಯನ್ನು ನೆಲಕ್ಕೆ ಕೂರಿಸಿದ್ದರು, ಮುಂದೆ ಗಡಿಗೆ. ಕಾಕಾ ಕೂಗಾಡಲಿಲ್ಲ. ಆಕಳ ವ್ಯಾಪಾರ ಮಾಡುವವನಂತೆ ಸಮಾಧಾನವಾಗಿ ಕೇಳಿದ: "ಮೂರ್ ತಿಂಗಳ ಎಲ್ಲಿದ್ದಿ?"

"ತವರಮನ್ಯಾಗಿದ್ನಿರಿ. ಕೇಳಸ್ರಿ ಬೇಕಾದ್ರ."

"ಕೂಸು ಯಾರದು?"

"ಕೂಸs ಇಲ್ರಿ! ನನಗೇನೂ ಗೊತ್ತಿಲ್ರಿ ಸಾವ್ಕಾರ್ರ, ಮಗಳ ಮ್ಯಾಲ ಆಣಿರಿ."

ಒಬ್ಬ ಮುದುಕ ಬಗ್ಗಿ ನೋಡಿ, "ಎಲುಬು ಭಾಳ ಹಳೇವು ಕಾಣ್ತಾವಲ್ಲೋ ಶರಣಪ್ಪ" ಎಂದ. "ನೀ ಸುಮ್ಮ ಕೂಡು ಮುತ್ಯಾ, ನಿನಗ ಕಣ್ಣs ಕಾಣಂಗಿಲ್ಲ" ಎಂದು ಯಾರೋ ನಗಿಸಿದರು. ನಾಲ್ಕು ಹೆಂಗಸರು ಕಾಶಿಬಾಯಿಯನ್ನು ಚಾವಡಿಯ ಒಳಗೆ ಎಳೆದುಕೊಂಡು ಹೋದರು, ಮೈ ನೋಡಲು. ಬಾಗಿಲು ಹಾಕಿಕೊಂಡರು. ಒಳಗಿನಿಂದ ಬಂದ ಕೂಗಿಗೆ ಹೊರಗಿದ್ದ ಗಂಡಸರು ತಲೆ ತಗ್ಗಿಸಿ ಬೀಡಿ ಹಚ್ಚಿದರು. ಆಕೆ ಹೊರಗೆ ಬಂದಾಗ ಕುಪ್ಪಸ ಹರಿದಿತ್ತು, ತುಟಿಯಲ್ಲಿ ರಕ್ತ.

ಆಗ ರೇಣುಕಾ ಜನರ ಕಾಲುಗಳ ಸಂದಿಯಿಂದ ನುಗ್ಗಿ ಬಂದಳು. "ಅದು ದಿಬ್ಬದಾಗ ಇತ್ರಿ! ನಾನೂ ಮಾದೇವೀನೂ ತಂದೇವ್ರಿ! ಅಕಿಗೆ ಕೇಳ್ರಿ!"

ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವನ ಬೆರಳು ನನ್ನ ರಟ್ಟೆಯೊಳಗೆ ಇಳಿಯುತ್ತಿತ್ತು. ಅಪ್ಪ ನನ್ನನ್ನು ನೋಡುತ್ತಿದ್ದ.

"ಖರೇ ಏನು?" ಎಂದ ಕಾಕಾ.

"ನಂಗ ಗೊತ್ತಿಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ನಾ ದಿಬ್ಬಕ್ಕ ಹೋಗಂಗs ಇಲ್ಲ" ಎಂದೂ ಸೇರಿಸಿದೆ, ಅಪ್ಪನಿಗೆ ಕೇಳಲೆಂದು.

ಗಡಿಗೆಯನ್ನು ಕಾಶಿಬಾಯಿಯ ತಲೆಯ ಮೇಲಿಟ್ಟು ಊರೆಲ್ಲ ತಿರುಗಿಸಿದರು. ಹುಡುಗರು ತಾಟು ಬಡಿದರು. ಹಿಂದೆ ನಾನೂ ಹೋದೆ. ಎಲ್ಲರೂ ಹೋ ಎಂದಾಗ ನಾನೂ ಹೋ ಎಂದೆ. ಸುಮ್ಮನಿದ್ದರೆ ಜನ ನನ್ನನ್ನು ನೋಡುತ್ತಾರೆಂಬ ಅಂಜಿಕೆ ಮೊದಮೊದಲು ಇತ್ತು. ಎರಡನೆಯ ಓಣಿ ದಾಟುವಷ್ಟರಲ್ಲಿ ಆ ಅಂಜಿಕೆ ಹೋಗಿ ಬರೀ ಖುಷಿ ಉಳಿದಿತ್ತು. ಇದನ್ನು ನಾನು ಈತನಕ ಯಾರಿಗೂ ಹೇಳಿಲ್ಲ.

ಮೂರನೆಯ ದಿನ ತಾಯಿ ಮಗಳು ಊರು ಬಿಟ್ಟರು. ಹಿಂದಿನ ಸಂಜೆ ಬೋರಿನ ಹತ್ತಿರ ರೇಣುಕಾ ಸಿಕ್ಕಿದಳು. ಕೊಡ ಕೆಳಗಿಟ್ಟು ಕೇಳಿದಳು: "ಯಾಕ ಹಂಗ ಅಂದಿ?"

"ನಮ್ಮವ್ವ ಬೈತಿದ್ಲು."

"ನಮ್ಮವ್ವಗ ಹೊಡದ್ರು" ಎಂದಳು. ಅಳಲಿಲ್ಲ. ಕೊಡ ಎತ್ತಿಕೊಂಡು ಹೋದಳು.

ವಾರದೊಳಗೆ ಕಾಕಾ ಗುಡಿಸಲು ಕೀಳಿಸಿ ಅಲ್ಲಿಗೆ ಟ್ರ್ಯಾಕ್ಟರ್ ಇಳಿಸಿದ. ನಾನು ಬುತ್ತಿ ಒಯ್ದಿದ್ದೆ, ಈಗ ಅಪ್ಪನೇ ಕಳಿಸಿದ್ದ. ಒಲೆ ಇದ್ದ ಜಾಗದಲ್ಲಿ ಬೂದಿ ತೆಗೆದಂತೆ ಅದೇ ಬಡಿದ ನೆಲ ಬಂತು, ನೆಲದ ಅಡಿಯಲ್ಲಿ ಎರಡು ಗಡಿಗೆ, ಬಾಯಿಗೆ ಬಾಯಿ ಕೂಡಿಸಿ ಮಲಗಿಸಿದ್ದವು. ಸಲಿಕೆ ತಾಗಿ ಒಂದು ಒಡೆಯಿತು. ಒಳಗೆ ಕಾಲು ಮಡಚಿದ ಕೂಸಿನ ಎಲುಬು. ಟ್ರ್ಯಾಕ್ಟರ್ ಹೊಡೆಯುವ ಖಾಜಾ ಇಂಜಿನ್ ಆರಿಸಿ ಇಳಿದ. ಕೂಲಿಗಳು ಸುತ್ತ ನಿಂತರು. ಅವರಲ್ಲಿ ಇಬ್ಬರು ಚಾವಡಿಯ ಬಾಗಿಲು ಹಾಕಿಕೊಂಡಿದ್ದ ಹೆಂಗಸರು.

ಕಾಕಾ ಬಂದ. ಗಡಿಗೆ ನೋಡಿದ, ಮೇಲಿನ ಬೂದಿಯ ಎತ್ತರ ನೋಡಿದ. ಅವನಿಗೆ ತಿಳಿಯಿತು. ಎಲ್ಲರಿಗೂ ತಿಳಿಯಿತು.

"ಏನು ನೋಡ್ತೀರಿ? ತುಂಬ್ರಿ ಜಲ್ದಿ" ಎಂದ.

ತುಂಬಿದರು. ಒಡೆದ ಬೋಕಿ, ಎಲುಬು, ಬೂದಿ ಎಲ್ಲ ಒಂದೇ ಟ್ರಾಲಿಯಲ್ಲಿ ನಮ್ಮ ಹೊಲಕ್ಕೆ ಹೋದವು. ಆ ವರ್ಷದ ಜೋಳದ ತೆನೆ ನೋಡಲು ಪಕ್ಕದ ಊರಿನವರೂ ಬಂದಿದ್ದರು. ಕಾಶಿಬಾಯಿಯನ್ನು ಕರೆಸೋಣ ಎಂದು ಯಾರೂ ಅನ್ನಲಿಲ್ಲ.

ಅದು ರಾಕ್ಷಸನ ಬೂದಿಯಲ್ಲ, ಈ ಹಳ್ಳ-ಹೊಳೆಗಳ ದಂಡೆಯಲ್ಲಿ ಮೊದಲು ದನ ಕಟ್ಟಿ, ಕಾಳು ಬಿತ್ತಿ, ನೆಲೆನಿಂತ ಜನ ಸುಟ್ಟ ಸಗಣಿಯ ಬೂದಿ ಎಂದು ನನಗೆ ಗೊತ್ತಾದದ್ದು ಕಲಬುರಗಿಯಲ್ಲಿ ಕಾಲೇಜು ಓದುವಾಗ. ಸತ್ತ ಹಸುಗೂಸುಗಳನ್ನು ಅವರು ದೂರ ಒಯ್ಯುತ್ತಿರಲಿಲ್ಲ, ಗಡಿಗೆಯಲ್ಲಿಟ್ಟು ತಾವು ಮಲಗುವ ನೆಲದ ಕೆಳಗೇ ಇಡುತ್ತಿದ್ದರು ಎಂದು ಮೇಷ್ಟ್ರು ಹೇಳಿದಾಗ ನಾನು ತರಗತಿಯಿಂದ ಎದ್ದು ಹೊರಗೆ ಹೋದೆ. ಸಾವಿರಾರು ವರ್ಷಗಳ ಹಿಂದಿನ ತಾಯಿಯೊಬ್ಬಳ ದುಃಖವನ್ನು ನಾವು ಎತ್ತಿ ಇನ್ನೊಬ್ಬ ತಾಯಿಯ ತಲೆಯ ಮೇಲೆ ಹೊರಿಸಿದ್ದೆವು.

ಈಗ ನಾನು ಆಳಂದದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತೇನೆ. ಕೆಲಸ ಸಿಕ್ಕ ವರ್ಷ ಹವಳಗಾಕ್ಕೆ ಹೋಗಿದ್ದೆ. ಕಾಶಿಬಾಯಿ ತವರಿಗೆ ಬಂದ ಎರಡನೆಯ ಮಳೆಗಾಲಕ್ಕೇ ಸತ್ತಳೆಂದು ಆಕೆಯ ಅತ್ತಿಗೆ ಹೇಳಿದಳು. "ಇಲ್ಲೂ ಸುದ್ದಿ ಬಂದಿತ್ರಿ. ಯಾರೂ ಕೆಲಸಕ್ಕ ಕರೀಲಿಲ್ಲ." ರೇಣುಕಾಳನ್ನು ಹದಿನಾಲ್ಕಕ್ಕೆ ಸೊಲ್ಲಾಪುರದ ಕಡೆಯ ಎರಡನೆಯ ಸಂಬಂಧದವನಿಗೆ ಕೊಟ್ಟಿದ್ದರು. ಊರಿನ ಹೆಸರು ಆಕೆಗೆ ನೆನಪಿರಲಿಲ್ಲ. ನೀವ್ಯಾರು ಎಂದು ಕೇಳಿದಳು. ಗೆಳತಿ ಎಂದು ಹೇಳುವಷ್ಟು ನಾಚಿಕೆಗೇಡಿ ನಾನಾಗಿರಲಿಲ್ಲ. ಸಾಲಿ ಟೀಚರ್ ಎಂದೆ.

ದಿಬ್ಬವಿದ್ದ ಜಾಗ ಈಗ ಸಪಾಟು ಹತ್ತಿ ಹೊಲ. ಅಷ್ಟು ಕಾಲ ಅಲುಗದೆ ಇದ್ದದ್ದನ್ನು ನಾವು ಎರಡು ಬೇಸಿಗೆಯಲ್ಲಿ ಮುಗಿಸಿದೆವು. ಮಣಿಯಿಲ್ಲ, ಕೊಡಲಿಯಿಲ್ಲ. ಇಲ್ಲೊಂದು ಮನೆಯಿತ್ತು ಎಂದು ತೋರಿಸಲು ಆ ಕಾಲದವರದೂ ಇಲ್ಲ, ಕಾಶಿಬಾಯಿಯದೂ ಇಲ್ಲ. ನನಗೆ ಆಮೇಲೆ ಗೆಳತಿಯರು ಸಿಕ್ಕರು. ಆದರೆ ಹತ್ತು ಜನರ ಮುಂದೆ "ಅಕಿಗೆ ಕೇಳ್ರಿ" ಎಂದು ನನ್ನ ಮೇಲೆ ಭರವಸೆ ಇಟ್ಟವಳು ಇನ್ನೊಬ್ಬಳು ಸಿಗಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡ. ಮಣ್ಣು ಮುಗಿಸಿ ಬಂದ ಮೇಲೆ ಅವ್ವನನ್ನು ಮೊದಲ ಸಲ ಕೇಳಿದೆ, "ನಿನಗ ಖರೇ ಗೊತ್ತಿತ್ತಲ್ಲಾ. ಒಂದು ಮಾತು ಹೇಳಬಹುದಿತ್ತಲ್ಲಬೇ?"

ಅವ್ವ ಎಲೆಗೆ ಸುಣ್ಣ ಹಚ್ಚತೊಡಗಿದಳು. ಮರೆತಿದ್ದಾಳೆ ಅಂದುಕೊಂಡೆ.

"ಹೇಳಿದ್ರ ಆ ಗಡಗಿ ನನ್ನ ತಲಿ ಮ್ಯಾಲ ಬರ್ತಿತ್ತು" ಎಂದಳು. "ಒಬ್ಬಾಕಿ ಹೋಗೋದಿತ್ತು. ಅಕಿ ಹೋದ್ಲು."