ಪರದೆಯ ಆಚೆ ಕೂತ ಕಾಕು

ಮೊನ್ನೆ ಸಂಜೆ ಬೆಳಗಾವಿಯ ಪೇಟೆಯಲ್ಲಿ ಪೇರಲ ಮಾರುವವಳೊಬ್ಬಳು ಕಾರ್ಬೈಡ್ ದೀಪ ಹೊತ್ತಿಸಿದಳು. ಕೊಳೆತ ಬೆಳ್ಳುಳ್ಳಿಯಂಥ ವಾಸನೆ. ದೀಪ ಸಿಡಿದೀತೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಹೆದರುವುದಕ್ಕೆ ನನಗೆ ದೊಡ್ಡ ಕಾರಣ ಬೇಕಾಗುವುದಿಲ್ಲ. ಆದರೆ ಮುಂದೆ ಹೋಗಲು ಕಾಲು ಏಳಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಇದೇ ಊರಿನ ಮೈದಾನದಲ್ಲಿ, ಪಿಕ್ಚರ್ ಡೇರೆಯ ಬಾಗಿಲಲ್ಲಿ ಇಂಥದೇ ದೀಪ ಉರಿಯುತ್ತಿತ್ತು. ಡೇರೆಯ ಒಳಗೆ, ಪರದೆಯ ಆಚೆ, ಕಾಕು ಕೂತಿದ್ದರು...

ಖಾನಾಪುರದಲ್ಲಿ ಅವರು ನಮ್ಮ ಬಾಜು ಮನೆಯವರು. ನೆಂಟರಲ್ಲ, ಆದರೂ ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಇಪ್ಪತ್ತರ ದಶಕ, ಪಿಕ್ಚರ್‌ಗಳಿಗೆ ಇನ್ನೂ ಬಾಯಿ ಬಂದಿರಲಿಲ್ಲ. ನಾನು ಕಚೇರಿಯಲ್ಲಿ ಹೊಸ ಕಾರಕೂನ, ನನ್ನ ಗೆಳೆಯ ಅರಿವೆ ಅಂಗಡಿಯಲ್ಲಿ ಗುಮಾಸ್ತ. ಬೆಳಗಾವಿಯಲ್ಲಿ ಡೇರೆ ಬಿತ್ತೆಂದರೆ ರವಿವಾರದ ರೈಲು ಹಿಡಿದು ನೋಡಿ ಬರುತ್ತಿದ್ದೆವು. ಬಂದ ಮೇಲೆ ಕಾಕುವಿನ ಕಟ್ಟೆಯ ಮೇಲೆ ವರದಿ ಒಪ್ಪಿಸಬೇಕು. ಅವರು ಶೇಂಗಾ ಹುರಿದು ತಂದಿಟ್ಟು, "ಹೂಂ, ಮುಂದ?" ಎನ್ನುತ್ತಿದ್ದರು. ಡೇರೆಯಲ್ಲಿ ರೀಲು ಬದಲಿಸುವಾಗ ಆಟ ನಿಲ್ಲುತ್ತದೆಂದು ಅವರು ಕೇಳಿದಾಗಿನಿಂದ ನಾವೂ ಕಥೆ ನಡುವೆ ನಿಲ್ಲಿಸಲೇಬೇಕು, ಶೇಂಗಾ ತಿನ್ನಲೇಬೇಕು.

ನೋಡಿದ ಪಿಕ್ಚರ್‌ಗಿಂತ ಬರಲಿರುವ ಪಿಕ್ಚರ್ ಮೇಲೆ ಜಗಳ ಜಾಸ್ತಿ. ಜಾಹೀರಾತಿನ ಚೀಟಿ ಕೈಗೆ ಸಿಕ್ಕರೆ ಸಾಕು, ಒಂದೂ ಪಿಕ್ಚರ್ ನೋಡಿರದ ಕಾಕು ತೀರ್ಪು ಕೊಡುತ್ತಿದ್ದರು. "ಈ ಮೀಸಿಯಾಂವನ ಮಾರಿ ನೋಡ್ರೋ. ಅರ್ಧಕ್ಕ ಸಾಯ್ತಾನ ಬರ್ಕೋರಿ." ಸಾಯುತ್ತಿದ್ದ ಕೂಡ. ಗೆಳೆಯನಿಗೆ ಸಿಟ್ಟು: "ಹೇಳಬ್ಯಾಡ್ರಿ ಕಾಕು, ತಿಕೀಟಿನ ರೊಕ್ಕ ದಂಡ ಆಕ್ಕೈತಿ!"

ನಗುವ ಆ ಬಾಯಿಯ ಹಿಂದೆ ಒಂದು ಚಿಂತೆ ಇತ್ತು. ಮಗಳು ಎಡಚಿ. ಹುಡುಗಿ ಎಡಗೈಯಿಂದ ನೀರಿನ ತಂಬಿಗೆ ಮುಂದೆ ಮಾಡಿದಳೆಂದು ನೋಡಲು ಬಂದ ಬೀಗರು ಎದ್ದುಹೋಗಿದ್ದರು. ಅಂದಿನಿಂದ ಕಾಕು ಹಳೇ ಸೀರೆಯ ಅಂಚು ಹರಿದು ಅವಳ ಎಡಗೈಯನ್ನು ಸೊಂಟಕ್ಕೆ ಕಟ್ಟಿಬಿಡುತ್ತಿದ್ದರು. ಬಲಗೈಯಲ್ಲಿ ಬಡಿದ ರೊಟ್ಟಿ ಹರಿಯುತ್ತಿತ್ತು. ಹುಡುಗಿ ಅಳುತ್ತಿರಲಿಲ್ಲ, ಅದನ್ನೇ ನೋಡಲಾಗುತ್ತಿರಲಿಲ್ಲ.

ಒಮ್ಮೆ ಯಾವುದೋ ಸಾಧ್ವಿಯ ಪಿಕ್ಚರ್ ಬಂತು. ಹುಡುಗಿಗೆ ಪುಣ್ಯ ಬಂದರೂ ಬರಲೆಂದು ಕಾಕು ಮಗಳನ್ನು ಕರಕೊಂಡು ನಮ್ಮ ಜೊತೆ ಹೊರಟರು. ರೈಲು ತಪ್ಪೀತು, ರೀಲಿಗೆ ಬೆಂಕಿ ಹತ್ತೀತು, ಜಾತ್ರೆಯಂಥ ಗದ್ದಲದಲ್ಲಿ ಇವರು ಕಳೆದುಹೋದಾರು ಎಂದು ನಾನು ದಾರಿಯುದ್ದಕ್ಕೂ ಬೆವೆತೆ. ಡೇರೆಯ ನಟ್ಟನಡುವೆ ಪರದೆ. ಈಚೆ ಗಂಡಸರು, ಆಚೆ ಹೆಂಗಸರು. ಚಿತ್ರ ಎರಡೂ ಬದಿಗೆ ಮೂಡಲೆಂದು ಪರದೆಗೆ ನೀರು ಎರಚುತ್ತಿದ್ದರು. ಅಕ್ಷರ ಬಂದಾಗ ಒಬ್ಬ ಮರಾಠಿಯಲ್ಲೂ ಕನ್ನಡದಲ್ಲೂ ಒದರಿ ಓದುತ್ತಿದ್ದ.

ಆ ರಾತ್ರಿ ತಾಯಿ-ಮಗಳು ಬೆಳಗಾವಿಯಲ್ಲೇ ಕಾಕುವಿನ ತಮ್ಮನ ಮನೆಯಲ್ಲಿ ಉಳಿದರು, ನಾವು ಸ್ಟೇಶನ್ನಿನಲ್ಲಿ ಮಲಗಿದೆವು. ಮರುದಿನ ಬೆಳಿಗ್ಗೆ ರೈಲಿನಲ್ಲಿ, ಹೇಗಿತ್ತು ಎಂದು ನಾವು ಕೇಳಿದ್ದೇ ಕೇಳಿದ್ದು. ದೇಸೂರು ದಾಟುವವರೆಗೆ ಕಾಕು ಮಗಳ ಸೆರಗಿನಡಿ ಕಟ್ಟಿದ್ದ ಎಡಗೈಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಅಂದರು:

"ಖರೇ ಹೇಳ್ರಿ. ಆ ಪಿಕ್ಚರ್‌ದಾಕಿ ಎಡಚಿ ಹೌದಲ್ಲೋ? ಎಡಗೈಲೇ ಆರತಿ ಎತ್ತಿದಳು, ಎಡಗೈಲೇ ಗಂಡಗ ಉಣ್ಣಾಕ ನೀಡಿದಳು. ಆದ್ರೂ ದೇವರು ಇಳದು ಬಂದು ಆಕೀಗೇ ವರ ಕೊಟ್ಟ. ಒಬ್ಬರರ ಏನರ ಅಂದ್ರೇನು?"

ಈಚೆ ಕೂತ ನಾವು ನೋಡಿದ್ದು ಬಲಗೈ. ಪರದೆಯ ಬೆನ್ನಿಗೆ ಕೂತವರಿಗೆ ಬಲ ಎಡವಾಗಿ ಕಾಣುತ್ತದೆ, ಅಷ್ಟೇ. ಅಕ್ಷರವೂ ತಿರುವುಮುರುವು, ಓದು ಬಾರದ ಕಾಕುಗೆ ಅದು ತಿಳಿಯುವಂತಿರಲಿಲ್ಲ.

"ಹಂಗಲ್ಲ ಕಾಕು, ಪರದಿ..." ಎಂದು ಗೆಳೆಯ ಶುರುಮಾಡಿದ. ನಾನು ಅವನ ಕಾಲು ಬಲವಾಗಿ ತುಳಿದೆ.

"ಪರದಿಗೆ ಏನಾಗಿತ್ತೋ?"

"ಪರದಿ... ಭಾಳ ಹಸಿ ಇತ್ರಿ," ಎಂದ ಅವನು, ಹಲ್ಲು ಕಚ್ಚಿ.

ಕಾಕು ಮಗಳ ಕಡೆ ತಿರುಗಿದರು. ಅವಳ ಸೆರಗಿನೊಳಗೆ ಕೈಬಿಟ್ಟು, ಪಟ್ಟಿಯ ಬಿಚ್ಚಲು ಬಾರದ ಗಂಟನ್ನು ಹಲ್ಲಿನಿಂದ ಸಡಿಲಿಸಿದರು. ಆ ಪಟ್ಟಿಯಲ್ಲೇ ಉಳಿದ ಶೇಂಗಾ ಕಟ್ಟಿಟ್ಟರು. ಹುಡುಗಿ ಎಡಗೈಯನ್ನು ಕಿಟಕಿಯ ಆಚೆ ಗಾಳಿಗೆ ಹಿಡಿದು ಕೂತಳು, ಖಾನಾಪುರ ಬರುವತನಕ.

ಮುಂದೆ ಗುಂಜಿ ಊರಿನವರು ಹೆಣ್ಣು ನೋಡಲು ಬಂದಾಗ ಕಾಕು ನೀರು ಕೊಡುವ ಮೊದಲೇ ಹೇಳಿಬಿಟ್ಟರು: "ಹುಡುಗಿ ಎಡಚಿ ಅದಾಳ. ಮನಸಿದ್ರ ಕುಂದರ್ರಿ." ಅವರು ಕೂತರು.

ಪರದೆಯ ಗುಟ್ಟು ಎಂದಾದರೂ ಕಾಕುಗೆ ತಿಳಿದೀತೆಂದು ನನಗೆ ಮಾತ್ರ ನಿದ್ದೆ ಹಾರಿಹೋಯಿತು. ಬೆಳಗಾವಿಯಲ್ಲಿ ಗೋಡೆ ಕಟ್ಟಿದ ಥಿಯೇಟರ್ ಬಂತು; ಅಲ್ಲಿ ಹೆಂಗಸರೂ ಪರದೆಯ ಮುಂದೆಯೇ ಕೂಡುವುದು. ಆ ಸಾಧ್ವಿಯಾಗಿದ್ದ ನಾಯಕಿಯ ಹೊಸ ಪಿಕ್ಚರ್ ಬಂದಾಗ ಕಾಕು ಹೋಗೋಣ ಎಂದರು. ಹೊಟ್ಟೆನೋವು ಎಂದೆ, ಮಳೆ ಎಂದೆ, ಕೇಳಲಿಲ್ಲ. ಒಳಗೆ ನಾಯಕಿ ಬಲಗೈಯಲ್ಲಿ ದೀಪ ಎತ್ತಿದಳು. ಪಿಕ್ಚರ್ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹೊರಗೆ ಬಂದ ಕಾಕು ಕಣ್ಣೊರೆಸಿಕೊಳ್ಳುತ್ತಿದ್ದರು.

"ನೋಡಿದೇನು? ಈಕೀಗೂ ಯಾರೋ ಕೈ ಕಟ್ಟಿ ಬಲಗೈ ರೂಢಿ ಮಾಡಿಸ್ಯಾರ. ಪಾಪ..."

ಕಾಕು ಹೋಗಿ ಬಹಳ ವರ್ಷಗಳಾದವು. ಈಗ ಪಿಕ್ಚರ್‌ಗಳು ಮಾತಾಡುತ್ತವೆ, ಹಾಡುತ್ತವೆ, ಕೆಲವು ಬೈಯುತ್ತವೆ ಕೂಡ. ನೋಡಿ ಮನೆಗೆ ಬಂದರೆ "ಹೂಂ, ಮುಂದ?" ಎನ್ನುವವರು ಯಾರೂ ಇಲ್ಲ. ನಾಯಕಿ ಬಲಗೈಯಲ್ಲಿ ಆರತಿ ಎತ್ತಿದಾಗ ನನ್ನ ಬಾಯಿಂದ ತಾನಾಗಿಯೇ "ಪಾಪ" ಎಂದು ಬರುತ್ತದೆ. ಬಾಜು ಕೂತವರು ತಿರುಗಿ ನೋಡುತ್ತಾರೆ. ಅವರಿಗೆ ತಿಳಿಸಿ ಹೇಳಬೇಕೆಂದರೆ ಕಾಕುವಿನ ಆ ಕಟ್ಟೆಯೇ ಬೇಕು...