ಅಕ್ಕನ ಮಣಿಕಟ್ಟಿನ ಅಳತೆ

ನಮ್ಮ ಭಾವ ದರ್ಜಿ. ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದ ನನ್ನಕ್ಕ ಚೆಂದದ್ದೊಂದು ಕೈಗಡಿಯಾರ ಬೇಕೆಂದಾಗ, ಭಾವ ನನ್ನನ್ನೂ ಎಳೆದುಕೊಂಡು ಅಂಗಡಿಗೆ ಹೊರಟರು. ನಿಂತುಹೋದ ಗಡಿಯಾರವನ್ನೇ ಕಟ್ಟಿಕೊಂಡು ವರ್ಷಗಟ್ಟಲೆ ತಿರುಗುತ್ತಿರುವ ನನ್ನ ಸಲಹೆಗೆ ಎಷ್ಟು ಬೆಲೆ ಎಂಬುದು ಅವರಿಗೂ ಗೊತ್ತಿತ್ತು.

ನಮ್ಮ ದುಡ್ಡಿಗೆ ಎಟುಕುವವನ್ನೆಲ್ಲ ತಿರುವಿಹಾಕಿ, ಬಿಳಿ ಮುಖದ, ಬಳೆಯಂಥ ಸಣ್ಣ ಸರಪಳಿಯದೊಂದನ್ನು ಭಾವ ಆರಿಸಿದರು.

“ಸರಪಳಿ ಎಷ್ಟಿರಲಿ ಸಾರ್?” ಎಂದ ಅಂಗಡಿಯವನು.

“ಆರೂಕಾಲು ಇಂಚು. ಇಪ್ಪತ್ತೈದು ವರ್ಷದಿಂದ ಅವಳ ಬಟ್ಟೆ ಹೊಲಿಯೋನು ನಾನೇ ಕಣಯ್ಯ. ಅಳತೆ ಪುಸ್ತಕಾನೂ ನೋಡ್ಬೇಕಾಗಿಲ್ಲ.”

ಅವನು ಎರಡು ಕೊಂಡಿ ಬಿಚ್ಚಿ ಕೊಟ್ಟ.

ಮನೆಯಲ್ಲಿ ಕಟ್ಟಿದ ಗಡಿಯಾರ, ಅಕ್ಕ ಕೈ ಎತ್ತಿದೊಡನೆ ಸರ್ರನೆ ಮೊಣಕೈಯತ್ತ ಜಾರಿತು.

“ಏನ್ರೀ, ಬೆಳೆಯೋ ಮಗು ಅಂತ ದೊಡ್ಡದೇ ತಂದ್ರಾ?”

ನಾನು ಪೆದ್ದನಂತೆ ನಕ್ಕೆ. ದಿನವೂ ಅದೇ ಕೈ ಹಿಡಿದು ಅಕ್ಕನನ್ನು ಎಬ್ಬಿಸುತ್ತಿದ್ದ ಭಾವ ನಗಲಿಲ್ಲ. ಕೊರಳಿನ ಟೇಪು ತೆಗೆದು ಅಳೆದರು. ಐದು ಇಂಚೂ ಇರಲಿಲ್ಲ.

“ಬರ್ಕೊಳ್ರೀ, ಮತ್ತೆ ಮರೀತೀರಿ,” ಎಂದಳು ಅಕ್ಕ.

ಭಾವ ಅಳತೆ ಪುಸ್ತಕ ತೆರೆದು ಪೆನ್ಸಿಲ್ ಹಿಡಿದರು. ಆರೂಕಾಲನ್ನು ಹೊಡೆದುಹಾಕಲು ಅವರಿಗೆ ಕೈ ಬರಲಿಲ್ಲ.