ಪರದೆಯ ಬದಲು ನಿಂತವನು

ತಂಗಿಯ ಹೆರಿಗೆಯನ್ನು ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ರಕ್ತಕ್ಕಲ್ಲ.

ನಮ್ಮೂರು ಅಡರಕಟ್ಟಿಯಿಂದ ಆಟೋದಲ್ಲಿ ಅವಳನ್ನು ಕರೆದೊಯ್ದ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಹೊರಗಿನ ಬೆಂಚಿನಿಂದಲೇ ಮಂಚ ಕಾಣುತ್ತಿತ್ತು. ಬೆಂಚಿನ ಮೇಲೆ ಇಬ್ಬರು ಗಂಡಸರು ಕತ್ತು ಚಾಚಿ ಕೂತಿದ್ದರು. ಹೆರಿಗೆ ಮಾಡಿಸುವ ಸಿಸ್ಟರು ಪರದೆ ಕಟ್ಟಲು ಆಯಾಳಿಗೆ ಹೇಳಿದರು.

“ಪರದೆ ಕಪಾಟಿನ್ಯಾಗ ಅದಾವ್ರಿ. ಕೀಲಿ ಸಾಹೇಬ್ರ ಕಡೆ ಐತಿ. ತಪಾಸಣಿಗೆ ಗದಗಿನವರು ಬರೂತನಕ ತಗೀಬ್ಯಾಡ, ಹೊಲಸಾಕ್ಕಾವು ಅಂದಾರ.”

ಸಿಸ್ಟರು ನನ್ನತ್ತ ತಿರುಗಿದರು. “ತಮ್ಮಾ, ಬಾಗಲಕ್ಕ ಬೆನ್ನು ಕೊಟ್ಟು ನಿಂದ್ರು. ದೇವರು ಬಂದ್ರೂ ಸರೀಬ್ಯಾಡ.”

ನಿಂತೆ. ಒಳಗೆ ಅವರು ತಂಗಿಗೆ, “ಬೇಕಾದಷ್ಟು ಚೀರವ್ವಾ, ಇಲ್ಲಿ ಯಾರೂ ಬೈಯಂಗಿಲ್ಲ” ಎನ್ನುತ್ತಿದ್ದರು. ಅಷ್ಟರಲ್ಲಿ ಆಸ್ಪತ್ರೆಯ ಮುಖ್ಯಸ್ಥರಾದ ಆ ಸಾಹೇಬರು ಅಳತೆ ಟೇಪು ಹಿಡಿದ ಇಬ್ಬರೊಡನೆ ಬಂದರು. ತಪಾಸಣೆಗೆ ಮೊದಲು ಒಳಗಿನ ಗೋಡೆಗೊಂದು ಫಲಕ ಹಾಕಬೇಕಿತ್ತಂತೆ, ತಾಯಂದಿರನ್ನು ಗೌರವದಿಂದ ಕಾಣಿರಿ ಎಂದು. ಮೂವರೂ ಒಳಗೆ ಹೋದರು. ಸಿಸ್ಟರು ತಮ್ಮ ಏಪ್ರನ್ ಬಿಚ್ಚಿ ತಂಗಿಯ ಮೇಲೆ ಹೊದಿಸಿ ಕೂಗಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

“ಹೊರಗ ನಡೀರಿ! ನಿಮ್ಮ ಅಕ್ಕ-ತಂಗಿ ಇಲ್ಲಿ ಮಲಗಿದ್ರ ಹಿಂಗ ಟೇಪ್ ಹಿಡೀತಿದ್ರೇನು?”

ಮಗು ಸುಖವಾಗಿ ಹುಟ್ಟಿತು. ಸಾಹೇಬರು ನನ್ನನ್ನು ತಳ್ಳಿಕೊಂಡೇ ಒಳಗೆ ಹೋದರೆಂದು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ಬಂದೆ. ಹೋದ ತಿಂಗಳು ಅದನ್ನು ಕೇಳಿ ತಂಗಿ ನಕ್ಕಳು.

“ಎಲ್ಲಿ ತಳ್ಳಿದ್ರೋ ಅಣ್ಣಾ? ‘ಬರ್ರಿ ಸಾಹೇಬ್ರ’ ಅಂತ ನೀನ ಸರದು ನಿಂತಿ. ನಾ ಮಲಕೊಂಡಲ್ಲಿಂದ ನೋಡೀನಿ.”

ಅಷ್ಟು ನೋವಿನಲ್ಲಿದ್ದವಳ ನೆನಪನ್ನು ನಂಬುವುದು ಹೇಗೆ ಎಂದು ವಾದಿಸಿದೆ. ವಿಶ್ವವಿದ್ಯಾಲಯದಲ್ಲಿ ಓದುವಾಗ ಕಲಿತ ಅನುಮಾನಿಸುವ ಬುದ್ಧಿಯನ್ನೆಲ್ಲ ಅವಳ ಮೇಲೆಯೇ ಸುರಿದೆ. ಆಮೇಲೆ ನನ್ನ ಭುಜದ ಮೇಲೆ ಯಾರದಾದರೂ ಕೈ ಬಿದ್ದ ನೆನಪಿದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ನನ್ನ ಬಾಯಿಯೇ ಹೊಲಸೆನಿಸಿತು.

ಕಳೆದ ವಾರ ಗದಗ ಬಸ್ ನಿಲ್ದಾಣದಲ್ಲಿ ಅದೇ ಸಿಸ್ಟರು ಕಂಡರು. ಅಂದು ಬಾಗಿಲಲ್ಲಿ ಸಾಹೇಬರಿಗೆ ದಾರಿ ಬಿಟ್ಟವನು ನಾನೇನಾ ಎಂದು ಕೇಳಿಯೇಬಿಟ್ಟೆ. ಅವರಿಗೆ ನನ್ನ ಗುರುತು ಹತ್ತಲಿಲ್ಲ.

“ನೀವ ಇರಬೇಕ್ರಿ, ಇಲ್ಲಾ ಮತ್ತೊಬ್ರು. ನಾ ನಿಂದರಸಿದ ಗಂಡಸರೆಲ್ಲಾ ಸಾಹೇಬ್ರನ್ನ ಕಂಡಕೂಡ್ಲೆ ದಾರಿ ಬಿಟ್ಟಾರ. ಈಗ ಗಂಡಸರ ಗೊಡವಿನ ಇಲ್ಲ, ಮುದುಕ್ಯಾರನ್ನ ಕುಂಡ್ರಸ್ತೀನಿ. ಬಾಗಲದಾಗ ಕಾಲು ಚಾಚಿ ಕುಂತ್ರ ಯಾ ಸಾಹೇಬ ದಾಟ್ಯಾನು?”